‘ಮಿಂಟೋಗೆ ಹೋಗಿ’ ಎಂಬ ಚೀಟಿ

ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲಿ ಗ್ರೈಂಡಿಂಗ್ ಮಾಡುವವರು ಕಣ್ಣಿಗೆ ಕಿಡಿ ಬಿದ್ದ ದಿನವೇ ಆಸ್ಪತ್ರೆಗೆ ಬರುವುದು ಅಪರೂಪ. ಅವತ್ತಿನ ಶಿಫ್ಟ್ ಮುಗಿಸುತ್ತಾರೆ. ಪಕ್ಕದ ಮಷಿನ್ನಿನವನು ಕರ್ಚೀಫಿನ ತುದಿಯನ್ನು ಬತ್ತಿಯಂತೆ ಹೊಸೆದು, ರೆಪ್ಪೆ ಮಗುಚಿ, ತೆಗೆಯಲು ನೋಡಿರುತ್ತಾನೆ. ರಾತ್ರಿ ಮನೆಗೆ ಹೋಗುವ ದಾರಿಯಲ್ಲಿ ಮೆಡಿಕಲ್ ಶಾಪಿನ ಮುಂದೆ ನಿಂತು ‘ಕಣ್ಣು ಕೆಂಪಾಗಿದೆ’ ಎಂದರೆ ಒಂದು ಡ್ರಾಪ್ಸ್ ಸಿಗುತ್ತದೆ. ಅದರಲ್ಲಿ ಸ್ಟೀರಾಯ್ಡ್ ಇದೆಯೋ ಇಲ್ಲವೋ ಕೊಟ್ಟವನು ನೋಡಿರುವುದಿಲ್ಲ, ಹಾಕಿಕೊಂಡವನಿಗೆ ಗೊತ್ತಿರುವುದಿಲ್ಲ. ಬೆಳಕು ನೋಡಲಾಗದೆ ನೀರು ಸುರಿಯತೊಡಗಿದ ಮೇಲೆ, ಮೂರನೆಯ ದಿನ, ಸರ್ಕಾರಿ ಆಸ್ಪತ್ರೆಯ ಕಣ್ಣಿನ ಕೋಣೆಯ ಮುಂದೆ ಬಂದು ನಿಲ್ಲುತ್ತಾನೆ. ಗದ್ದ ಇಡಿಸಿ ಸ್ಲಿಟ್ ಲ್ಯಾಂಪಿನಲ್ಲಿ ನೋಡಿದರೆ ಕಪ್ಪುಗುಡ್ಡೆಯ ಮೇಲೆ ಸಾಸಿವೆಗಿಂತ ಸಣ್ಣದಾದ ಕಬ್ಬಿಣದ ಚೂರು. ಅದರ ಸುತ್ತ ಕಾವಿ ಬಣ್ಣದ ತುಕ್ಕಿನ ಉಂಗುರ.

ಸ್ಲಿಟ್ ಲ್ಯಾಂಪಿನ ಈಚೆ ಕಡೆ ಕುಳಿತವಳಿಗೆ 23 ವರ್ಷ. ಹಾಸನದ ಕಡೆಯವಳೋ ಕೋಲಾರದ ಕಡೆಯವಳೋ ಇರಬೇಕು. ನಾಲ್ಕು ವರ್ಷದ ಆಪ್ಟೊಮೆಟ್ರಿ ಪದವಿ, ಅದರಲ್ಲಿ ಕೊನೆಯ ವರ್ಷ ಪೂರ್ತಿ ಇಂಟರ್ನ್‌ಶಿಪ್, ಮುಗಿಸಿ ಬಂದು ಆರು ತಿಂಗಳಾಗಿರಬಹುದು. ಅವಳಿಗೆ ಆ ತುಕ್ಕಿನ ಉಂಗುರ ಏನು ಎಂದು ಗೊತ್ತು. ಸುತ್ತ ಬೆಳ್ಳಗೆ ಹಬ್ಬುತ್ತಿರುವುದು ಸೋಂಕಿನ ಸೂಚನೆಯೆಂದೂ ಗೊತ್ತು. ಆದರೆ ಸೇರಿದ ಮೊದಲ ವಾರವೇ ಅವಳಿಗೆ ಒಂದು ಮಾತು ಹೇಳಿ ಇಟ್ಟಿದ್ದಾರೆ: ನಿನ್ನ ಕೆಲಸ ನಂಬರ್ ತೆಗೆಯುವುದು; ಕಷ್ಟದ ಕೇಸ್ ಬಂದರೆ ಮುಟ್ಟಬೇಡ, ಮಿಂಟೋ ಕಣ್ಣಾಸ್ಪತ್ರೆಗೆ ಬರೆದು ಕಳಿಸು.

ಈ ಲೇಖನ ಆ ಮಾತಿನ ವಿರುದ್ಧ. ಹತ್ತೊಂಬತ್ತು ವರ್ಷಗಳಿಂದ ಇದೇ ಕೆಲಸದಲ್ಲಿದ್ದೇನೆ, ಈಗ ಹೊಸಬರಿಗೆ ಕಲಿಸುತ್ತೇನೆ. ಈ ಮಾತನ್ನು ಆಡಳಿತದವರ ಬಾಯಲ್ಲಿ ಕೇಳಿದ್ದೇನೆ, ನೇತ್ರತಜ್ಞರ ಬಾಯಲ್ಲಿ ಕೇಳಿದ್ದೇನೆ, ನಮ್ಮ ವೃತ್ತಿಯ ಹಿರಿಯರ ಬಾಯಲ್ಲೂ ಕೇಳಿದ್ದೇನೆ. ಹೇಳುವವರ ಮನಸ್ಸು ಕೆಟ್ಟದ್ದೆಂದು ನಾನು ಎಂದೂ ಅಂದುಕೊಂಡಿಲ್ಲ. ಕಣ್ಣು ಸಣ್ಣ ಅಂಗ, ಒಮ್ಮೆ ಕೆಟ್ಟರೆ ತಿರುಗಿ ಬಾರದು, ಅನುಭವವಿಲ್ಲದ ಕೈಗಳು ದೂರವಿದ್ದರೆ ರೋಗಿ ಕ್ಷೇಮ ಎನ್ನುವುದು ಅವರ ಲೆಕ್ಕ. ಆ ಲೆಕ್ಕ ತಪ್ಪಿದೆ. ಅದು ತಪ್ಪಿದ್ದರಿಂದ ಕಣ್ಣು ಕಳೆದುಕೊಂಡವರನ್ನು ನಾನು ಕಂಡಿದ್ದೇನೆ.

ಮೊದಲನೆಯದಾಗಿ, ‘ಕಷ್ಟದ ಕೇಸ್’ ಎಂದು ಹಣೆಯ ಮೇಲೆ ಬರೆದುಕೊಂಡು ಯಾರೂ ಬರುವುದಿಲ್ಲ. ಬರುವವರೆಲ್ಲ ಕನ್ನಡಕ ಕೇಳಿಕೊಂಡೇ ಬರುತ್ತಾರೆ. ವೈಟ್‌ಫೀಲ್ಡಿನ ಟೆಕ್ ಪಾರ್ಕುಗಳಲ್ಲಿ ಗೇಟು ಕಾಯುವ ಒಬ್ಬ ಗಾರ್ಡ್, ಐವತ್ತು ದಾಟಿದವನು, ‘ರಿಜಿಸ್ಟರ್ ಓದೋಕೆ ಆಗ್ತಿಲ್ಲ, ಒಂದು ಚಷ್ಮಾ ಕೊಡಿ’ ಎನ್ನುತ್ತಾನೆ. ಬೋರ್ಡು ಓದಿಸಿದರೆ ಕೊನೆಯ ಸಾಲಿನವರೆಗೂ ಸಲೀಸಾಗಿ ಓದುತ್ತಾನೆ, 6/6. ಹತ್ತಿರದ ನಂಬರ್ ಬರೆದುಕೊಟ್ಟರೆ ‘ನಂಬರ್ ತೆಗೆಯುವ’ ಕೆಲಸ ಅಲ್ಲಿಗೆ ಮುಗಿಯಿತು. ಮಾತಿನ ನಡುವೆ ಅವನು ಇನ್ನೊಂದು ಹೇಳುತ್ತಾನೆ: ‘ಈಚೀಚೆಗೆ ಬಾಗಿಲ ಚೌಕಟ್ಟಿಗೆ ಭುಜ ತಾಗ್ತದೆ ಮೇಡಂ.’ ಗ್ಲಾಕೋಮಾ ಹೀಗೆಯೇ ಬರುವುದು. ನಡುವಿನ ನೋಟವನ್ನು ಕೊನೆಯವರೆಗೂ ಮುಟ್ಟದೆ ಅಂಚಿನಿಂದ ಕತ್ತಲೆ ಒತ್ತಿಕೊಂಡು ಬರುತ್ತದೆ. ಆ ಭುಜದ ಮಾತು ಕಿವಿಗೆ ಬೀಳಬೇಕು, ಬಿದ್ದ ಮೇಲೆ ಕಣ್ಣಿನ ಒತ್ತಡ ಅಳೆದು, ಒಳಗಿನ ನರದ ತಲೆಯನ್ನು ನೋಡಬೇಕು. ನಂಬರ್ ಒಂದೇ ನನ್ನ ಕೆಲಸ ಎಂದು ನಂಬಿದವಳ ಕಿವಿಗೆ ಅದು ಬೀಳುವುದಿಲ್ಲ.

ವರ್ಷದಲ್ಲಿ ಮೂರು ಸಲ ನಂಬರ್ ಬದಲಾಯಿತೆಂದು ಬರುವ ಕ್ಯಾಬ್ ಡ್ರೈವರು ಇನ್ನೊಬ್ಬ. ಕನ್ನಡಕದ ಅಂಗಡಿಯವರನ್ನು ಬೈಯುತ್ತಿರುತ್ತಾನೆ. ಸಕ್ಕರೆ ಏರಿಳಿದಾಗ ಕಣ್ಣಿನ ಮಸೂರ ಉಬ್ಬಿ ಇಳಿದು ನಂಬರ್ ಓಡಾಡುತ್ತದೆಂಬುದು ಅವನಿಗೆ ಗೊತ್ತಿಲ್ಲ. ತನಗೆ ಸಕ್ಕರೆ ಕಾಯಿಲೆ ಇದೆಯೆಂಬುದೇ ಎಷ್ಟೋ ಸಲ ಗೊತ್ತಿರುವುದಿಲ್ಲ. ಇನ್ನು ಕಟ್ಟಡ ಕೆಲಸಕ್ಕೆಂದು ರಾಯಚೂರು, ಯಾದಗಿರಿ ಕಡೆಯಿಂದ ಬಂದು ತಗಡಿನ ಶೆಡ್ಡುಗಳಲ್ಲಿರುವ ತಾಯಂದಿರು. ಕಂಕುಳಲ್ಲಿ ಮಗು, ಮಗುವಿಗೆ ಮೆಳ್ಳೆಗಣ್ಣು. ಬಂದಿರುವುದು ತಾಯಿಯ ತಲೆನೋವಿಗೆ. ಮೆಳ್ಳೆಗಣ್ಣು ಅದೃಷ್ಟವೆಂದು ಊರಲ್ಲಿ ಯಾರೋ ಹೇಳಿರುತ್ತಾರೆ. ಆ ಮಗುವಿನ ಪಾಪೆಯೊಳಗೆ ಟಾರ್ಚು ಬಿಟ್ಟಾಗ ಕೆಂಪಗೆ ಹೊಳೆಯಬೇಕಾದ ಜಾಗ ಬೆಳ್ಳಗೆ ಹೊಳೆದರೆ ಅದು ಕಣ್ಣಿನ ಕ್ಯಾನ್ಸರ್ ಆಗಿರಬಹುದು, ಜೀವದ ಪ್ರಶ್ನೆ. ತಾಯಿ ಮಗುವಿಗೆಂದು ಚೀಟಿ ಮಾಡಿಸಿಲ್ಲ. ನೋಡುವುದೋ ಬಿಡುವುದೋ ಎನ್ನುವುದು ಕುರ್ಚಿಯಲ್ಲಿ ಕುಳಿತ ಆ 23ರ ಹುಡುಗಿಗೆ ಬಿಟ್ಟದ್ದು.

ಅಂದಮೇಲೆ ಕಷ್ಟದ ಕೇಸುಗಳನ್ನು ಹೊಸಬರು ನೋಡಬೇಕೋ ಬೇಡವೋ ಎಂದು ಚರ್ಚೆ ಮಾಡುವುದರಲ್ಲಿ ಅರ್ಥವಿಲ್ಲ. ನೋಡುತ್ತಲೇ ಇದ್ದಾರೆ. ಎಲ್ಲರಿಗಿಂತ ಮೊದಲು ಅವರೇ ನೋಡುತ್ತಿದ್ದಾರೆ. ಅವರಿಗೆ ನಾವು ಏನು ಕೊಟ್ಟು ಕೂರಿಸಿದ್ದೇವೆ ಎಂದು ಕೇಳಬೇಕು.

ನನ್ನ ಮೊದಲ ವರ್ಷದ ಒಂದು ಸಂಗತಿ ಹೇಳಬೇಕು. ನಗರದ ಅಂಚಿನ ಒಂದು ಸರ್ಕಾರಿ ಆಸ್ಪತ್ರೆ, ಹೆಸರು ಬೇಡ. ಗಾರ್ಮೆಂಟ್ಸಿನಲ್ಲಿ ಟೈಲರ್ ಆಗಿದ್ದ ಹೆಂಗಸು, ನಲವತ್ತೈದರ ಆಸುಪಾಸು. ಹಿಂದಿನ ರಾತ್ರಿಯಿಂದ ಅರ್ಧ ತಲೆ ಸಿಡಿಯುತ್ತಿದೆ, ಎರಡು ಸಲ ವಾಂತಿಯಾಗಿದೆ. ಯಾರೋ ಗ್ಯಾಸ್ಟ್ರಿಕ್ ಎಂದು ಮಾತ್ರೆ ಕೊಟ್ಟಿದ್ದರು. ‘ಬಲ್ಬ್ ಸುತ್ತ ಕಾಮನಬಿಲ್ಲಿನ ತರ ಕಾಣ್ತು’ ಎಂದಳು. ಎಡಗಣ್ಣು ಕೆಂಪು. ಕಪ್ಪುಗುಡ್ಡೆ ಉಸಿರು ಬಿಟ್ಟ ಕನ್ನಡಿಯ ಹಾಗೆ ಮಬ್ಬು. ಪಾಪೆ ಅರ್ಧ ಹಿಗ್ಗಿ ನಿಂತುಬಿಟ್ಟಿತ್ತು, ಟಾರ್ಚು ಹಾಕಿದರೂ ಕುಗ್ಗಲಿಲ್ಲ. ನಮ್ಮಲ್ಲಿ ಒತ್ತಡ ಅಳೆಯುವ ಸಾಧನ ಇರಲಿಲ್ಲ. ರೆಪ್ಪೆ ಮುಚ್ಚಿಸಿ ಎರಡು ಬೆರಳಿನಿಂದ ಒತ್ತಿ ನೋಡಿದೆ. ಬಲಗಣ್ಣು ಮೆತ್ತಗಿತ್ತು, ಎಡಗಣ್ಣು ಗಾಜಿನ ಗೋಲಿಯ ಹಾಗೆ ಗಟ್ಟಿ. ಪಾಠದಲ್ಲಿ ಓದಿದ್ದೆಲ್ಲ ಕಣ್ಣ ಮುಂದೆ ಕುಳಿತಿತ್ತು. ಅಕ್ಯೂಟ್ ಗ್ಲಾಕೋಮಾ. ನರ ಸಾಯುವುದನ್ನು ಗಂಟೆಗಳಲ್ಲಿ ಎಣಿಸಬೇಕಾದ ಕಾಯಿಲೆ.

ಚೀಟಿಯ ಮೇಲೆ ಹಾಗೆಂದು ಬರೆದು, ಸಹಿಗೆಂದು ಹಿರಿಯರ ಬಳಿ ಹೋದೆ. ‘ಡಯಾಗ್ನೋಸಿಸ್ ಬರೆಯೋದು ನಿನ್ನ ಕೆಲಸ ಅಲ್ಲಮ್ಮ. ಕಣ್ಣು ಕೆಂಪು, ಹೆಚ್ಚಿನ ಚಿಕಿತ್ಸೆಗೆ ಅಂತ ಬರಿ’ ಎಂದರು. ಬರೆದದ್ದನ್ನು ಹೊಡೆದುಹಾಕಿ ಹಾಗೇ ಬರೆದೆ. ಆ ಹೆಂಗಸು ಚೀಟಿ ನೋಡಿ, ‘ನಾಳೆ ಹೋದ್ರೆ ಆಗಲ್ವಾ ಮೇಡಂ? ಇವತ್ತು ಅರ್ಧ ದಿನ ಕೇಳ್ಕೊಂಡು ಬಂದಿದೀನಿ’ ಎಂದಳು. ನಾಳೆ ಆಗುವುದಿಲ್ಲ, ಈಗಲೇ, ಇಲ್ಲಿಂದ ನೇರವಾಗಿ ಹೋಗಬೇಕು ಎಂದು ಹೇಳಬೇಕಿತ್ತು. ಹೊಡೆದುಹಾಕಿದ ಸಾಲಿನ ಜೊತೆಗೆ ನನ್ನ ಧೈರ್ಯವೂ ಹೋಗಿತ್ತು. ‘ಆದಷ್ಟು ಬೇಗ ಹೋಗಿ’ ಎಂದೆ. ಎರಡು ತಿಂಗಳ ಮೇಲೆ ಅವಳೇ ಬಂದಳು. ಮಿಂಟೋಗೆ ಹೋಗಿದ್ದು ಆರನೆಯ ದಿನಕ್ಕಂತೆ. ಎಡಗಣ್ಣಿಗೆ ಟಾರ್ಚಿನ ಬೆಳಕೂ ತಿಳಿಯುತ್ತಿರಲಿಲ್ಲ. ಸೂಜಿಗೆ ದಾರ ಪೋಣಿಸಲು ಆಗುತ್ತಿಲ್ಲ, ಒಂದು ಕನ್ನಡಕ ಕೊಡಿ ಎಂದು ಕೇಳಲು ಬಂದಿದ್ದಳು.

ಮುಟ್ಟದಿದ್ದರೆ ಕ್ಷೇಮ ಎನ್ನುವವರು ಈ ಹೆಂಗಸಿನ ಕಣ್ಣನ್ನು ಯಾರ ಲೆಕ್ಕಕ್ಕೆ ಬರೆಯುತ್ತಾರೆ? ನಾನು ಮುಟ್ಟಲಿಲ್ಲ. ನಿಯಮ ಮೀರಲಿಲ್ಲ. ಚೀಟಿ ಬರೆದೆ. ಕಾಗದದ ಮೇಲೆ ಎಲ್ಲವೂ ಸರಿಯಾಗಿದೆ.

ಈ ನಂಬಿಕೆ ಎಲ್ಲಿಂದ ಬಂತೆಂದು ಹಿಂದಕ್ಕೆ ಹೋದರೆ ಅದಕ್ಕೊಂದು ಕಾಲ ಇತ್ತು ಎನ್ನುವುದು ಕಾಣುತ್ತದೆ. 1976ರಲ್ಲಿ ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮ ಶುರುವಾದಾಗ ದೇಶದ ಎದುರಿಗಿದ್ದ ದೊಡ್ಡ ಶತ್ರು ಪೊರೆ. ನೂರಕ್ಕೆ 1.4ರಷ್ಟಿದ್ದ ಅಂಧತ್ವವನ್ನು 0.3ಕ್ಕೆ ಇಳಿಸುವುದು ಗುರಿ. ನಮ್ಮ ನಾಡಿನಲ್ಲಿ ಅದಕ್ಕೂ ಮೊದಲೇ ಡಾ. ಎಂ.ಸಿ. ಮೋದಿಯವರು ಊರೂರಿಗೆ ಕಣ್ಣಿನ ಶಿಬಿರಗಳನ್ನು ಕೊಂಡೊಯ್ದಿದ್ದರು; 1968ರಲ್ಲಿ ತಿರುಪತಿಯಲ್ಲಿ ಒಂದೇ ದಿನ 833 ಪೊರೆಯ ಶಸ್ತ್ರಚಿಕಿತ್ಸೆ ಮಾಡಿದ ದಾಖಲೆ ಅವರದು. ಅಂಥ ಯುದ್ಧಕ್ಕೆ ಬೇಕಿದ್ದ ಸಹಾಯಕ ಬೇರೆ ರೀತಿಯವನು. ಪೊರೆ ಬಂದವರನ್ನು ಗುರುತಿಸಿ ಸಾಲಿನಲ್ಲಿ ನಿಲ್ಲಿಸಬೇಕು, ಆಪರೇಷನ್ ಆದ ಮೇಲೆ ಡ್ರಾಪ್ಸ್ ಹಾಕಬೇಕು, ಕನ್ನಡಕ ಕೊಡಬೇಕು. ಎರಡು ವರ್ಷದ ಡಿಪ್ಲೊಮಾದ ನೇತ್ರ ಸಹಾಯಕರ ಹುದ್ದೆ ಹುಟ್ಟಿದ್ದು ಆ ಅಗತ್ಯಕ್ಕೆ. ಅವರು ಆ ಕೆಲಸವನ್ನು ಚೆನ್ನಾಗಿ ಮಾಡಿದರು. 2015ರಿಂದ 2019ರವರೆಗೆ ನಡೆದ ರಾಷ್ಟ್ರೀಯ ಸಮೀಕ್ಷೆಯಲ್ಲಿ ಅಂಧತ್ವ 0.36ಕ್ಕೆ ಇಳಿದಿತ್ತು.

ಹುದ್ದೆಯ ಹೆಸರು ಈಗ ನೇತ್ರಾಧಿಕಾರಿ ಎಂದಾಗಿದೆ. ಹಲವು ಕಡೆ ಪದವಿ ಓದಿದವರು ಬರುತ್ತಿದ್ದಾರೆ. ಅವರ ಎದುರಿಗೆ ಬಂದು ಕೂರುವ ಕಾಯಿಲೆಯೂ ಬದಲಾಗಿದೆ. ಪೊರೆ ಆರು ತಿಂಗಳು ಕಾಯುತ್ತದೆ, ತಡವಾಗಿ ತೆಗೆದರೂ ಸಾಮಾನ್ಯವಾಗಿ ನೋಟ ಮರಳುತ್ತದೆ. ಗ್ಲಾಕೋಮಾದಲ್ಲಿ ಹೋದದ್ದು ಹೋಯಿತು. ಸಕ್ಕರೆಯಿಂದ ಅಕ್ಷಿಪಟಲ ಕೆಡುವುದು, ಕೆಮಿಕಲ್ ಸುಟ್ಟ ಕಣ್ಣು, ಕಾರ್ನಿಯಾದ ಹುಣ್ಣು, ಇವುಗಳಲ್ಲಿ ಯಾವುದೂ ಶಿಬಿರದ ದಿನಾಂಕ ನೋಡಿಕೊಂಡು ಬರುವುದಿಲ್ಲ. ಶಿಬಿರದ ಕಾಲದ ಅಪ್ಪಣೆಯನ್ನು ಹಿಡಿದುಕೊಂಡು ಬೊಮ್ಮಸಂದ್ರದ, ಜಿಗಣಿಯ, ದಾಬಸ್‌ಪೇಟೆಯ ಕೈಗಾರಿಕಾ ಪ್ರದೇಶಗಳ ಕಣ್ಣುಗಳನ್ನು ಕಾಯಲು ಹೊರಟಿದ್ದೇವೆ.

‘ಮಿಂಟೋ ಇದೆಯಲ್ಲ, ಈಗ ಮೆಟ್ರೋನೂ ಇದೆಯಲ್ಲ’ ಎನ್ನುತ್ತಾರೆ. ಇದೆ. ಮಿಂಟೋ ಬಗ್ಗೆ ನನಗೆ ಗೌರವ ಇದೆ. 1913ರಿಂದ ಆ ಕಟ್ಟಡದಲ್ಲಿ ಬಡವರ ಕಣ್ಣು ನೋಡುತ್ತಿರುವ ಆಸ್ಪತ್ರೆ. ಪೀಣ್ಯದಲ್ಲಿ ಹಸಿರು ಮಾರ್ಗದ ರೈಲು ಹತ್ತಿದರೆ ಕೆ.ಆರ್. ಮಾರುಕಟ್ಟೆಯಲ್ಲಿ ಇಳಿದು ನಡೆದು ಹೋಗಬಹುದು. 2023ರ ಅಕ್ಟೋಬರಿನಲ್ಲಿ ಕಾಡುಗೋಡಿಯವರೆಗಿನ ನೇರಳೆ ಮಾರ್ಗ ಪೂರ್ತಿಯಾಯಿತು, 2025ರ ಆಗಸ್ಟ್‌ನಲ್ಲಿ ಬೊಮ್ಮಸಂದ್ರಕ್ಕೆ ಹಳದಿ ಮಾರ್ಗ ಬಂತು. ದಾರಿ ಹತ್ತಿರವಾಗಿದೆ, ಹಾಜರಿ ಹತ್ತಿರವಾಗಿಲ್ಲ. ದಿನಗೂಲಿಯವನಿಗೆ ಮಿಂಟೋ ಎಂದರೆ ಒಂದು ಹಾಜರಿ. ‘ನಾಳೆ ಬನ್ನಿ’ ಎಂದರೆ ಎರಡು. ಜೊತೆಗೆ ಹೆಂಡತಿ ಬಂದರೆ ಅವಳದೂ ಸೇರಿ ನಾಲ್ಕು. ಗುತ್ತಿಗೆದಾರನ ಬಳಿ ಎರಡು ದಿನ ಕಾಣದಿದ್ದರೆ ಮೂರನೆಯ ದಿನ ಆ ಮಷಿನ್ನಿನ ಮುಂದೆ ಬೇರೆಯವನು ನಿಂತಿರುತ್ತಾನೆ. ಇಎಸ್ಐ ಇದೆ, ಪೀಣ್ಯದಲ್ಲೂ ರಾಜಾಜಿನಗರದಲ್ಲೂ ಅದರ ಆಸ್ಪತ್ರೆಗಳಿವೆ. ಕಾರ್ಡು ಇದ್ದವರಿಗೆ ಅದು ದೊಡ್ಡ ಆಸರೆ. ಕಾರ್ಡಿಲ್ಲದ ಕಟ್ಟಡ ಕೂಲಿಗೆ, ಸಂಬಳದಲ್ಲಿ ಹಣ ಹಿಡಿದುಕೊಂಡೂ ಕಂತು ಕಟ್ಟದ ಗುತ್ತಿಗೆದಾರನ ಆಳಿಗೆ, ಸ್ವಂತಕ್ಕೆ ವೆಲ್ಡಿಂಗ್ ಮಾಡುವವನಿಗೆ ಅದು ಸಿಗುವುದಿಲ್ಲ. 2023ರಿಂದ ವಾರ್ಡುಗಳಲ್ಲಿ ‘ನಮ್ಮ ಕ್ಲಿನಿಕ್’‌ಗಳು ಬಂದಿವೆ, ಒಳ್ಳೆಯದೇ. ಅಲ್ಲಿ ವೈದ್ಯರಿದ್ದಾರೆ, ನರ್ಸ್ ಇದ್ದಾರೆ, ಲ್ಯಾಬ್ ಟೆಕ್ನಿಷಿಯನ್ ಇದ್ದಾರೆ. ಕಣ್ಣು ನೋಡುವವರ ಹುದ್ದೆಯಿಲ್ಲ.

ಹೀಗಾಗಿ ಚೀಟಿ ಹಿಡಿದು ಹೊರಟವರಲ್ಲಿ ಎಷ್ಟೋ ಮಂದಿ ಆಸ್ಪತ್ರೆಯ ಗೇಟಿನಿಂದ ಮೆಡಿಕಲ್ ಶಾಪಿಗೆ ತಿರುಗುತ್ತಾರೆ. ಪಡೆದದ್ದು ಸ್ಟೀರಾಯ್ಡ್ ಡ್ರಾಪ್ಸ್ ಆಗಿದ್ದರೆ ಕೆಂಪು ಎರಡು ದಿನದಲ್ಲಿ ಇಳಿಯುತ್ತದೆ, ನೋವು ತಗ್ಗುತ್ತದೆ, ಕೆಲಸಕ್ಕೆ ಹೋಗುತ್ತಾರೆ. ಒಳಗೆ ಶಿಲೀಂಧ್ರದ ಹುಣ್ಣಿದ್ದರೆ ಅದೇ ಡ್ರಾಪ್ಸು ಅದಕ್ಕೆ ಗೊಬ್ಬರ. ನಮ್ಮ ದಕ್ಷಿಣದಲ್ಲಿ ಕಾರ್ನಿಯಾದ ಹುಣ್ಣುಗಳಲ್ಲಿ ಶಿಲೀಂಧ್ರದವುಗಳ ಪಾಲು ದೊಡ್ಡದು. ಅನುಭವವಿಲ್ಲದ ಆಪ್ಟೊಮೆಟ್ರಿಸ್ಟ್ ಮುಟ್ಟಬಾರದೆಂದು ತಡೆದೆವು. ಆಮೇಲೆ ಆ ಕಣ್ಣನ್ನು ಮುಟ್ಟಿದವನು ಯಾವ ತರಬೇತಿಯೂ ಇಲ್ಲದ ಕೌಂಟರ್ ಹುಡುಗ.

ಕಳಿಸುವುದೇ ಅಪಾಯವಾಗುವ ಸಂದರ್ಭವೂ ಇದೆ. ಎಲೆಕ್ಟ್ರೋಪ್ಲೇಟಿಂಗ್ ಘಟಕದಲ್ಲಿ ಕಾಸ್ಟಿಕ್ ಸೋಡಾ ಸಿಡಿದ ಕಣ್ಣು, ಪ್ಲಾಸ್ಟರಿಂಗ್ ಮಾಡುವಾಗ ಸಿಮೆಂಟು ಅಥವಾ ಸುಣ್ಣ ಬಿದ್ದ ಕಣ್ಣು. ಕ್ಷಾರ ಬಿದ್ದಲ್ಲಿ ನಿಲ್ಲುವುದಿಲ್ಲ, ಪದರ ಕರಗಿಸಿಕೊಂಡು ಒಳಗಿಳಿಯುತ್ತ ಹೋಗುತ್ತದೆ. ಇಲ್ಲಿ ಚಿಕಿತ್ಸೆಯೆಂದರೆ ನೀರು. ಮೊದಲು ನೀರು, ಕಡೇಪಕ್ಷ ಅರ್ಧ ಗಂಟೆ ಬಿಡದೆ; ರೆಪ್ಪೆ ಮಗುಚಿ ಮೂಲೆಯಲ್ಲಿ ಸಿಕ್ಕಿಕೊಂಡ ಸುಣ್ಣದ ಹರಳನ್ನು ಹತ್ತಿಯಲ್ಲಿ ತೆಗೆಯಬೇಕು; ಲಿಟ್ಮಸ್ ಕಾಗದ ತಾಗಿಸಿ ಕ್ಷಾರ ಹೋಗಿದೆಯೇ ನೋಡಬೇಕು; ಹೋಗಿಲ್ಲದಿದ್ದರೆ ಮತ್ತೆ ನೀರು. ದೊಡ್ಡ ಆಸ್ಪತ್ರೆಗೆ ಕಳಿಸುವುದು ಆಮೇಲೆ. ಒಂದು ಡ್ರಿಪ್ ಬಾಟಲಿ, ಅದರ ಟ್ಯೂಬು, ಕೈಯಲ್ಲೊಂದು ಬಟ್ಟಲು ಇದ್ದರೆ ಯಾವ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ ಮಾಡಬಹುದಾದ ಕೆಲಸ. ‘ನಾವು ಮುಟ್ಟುವ ಹಾಗಿಲ್ಲ, ಬೇಗ ಮಿಂಟೋಗೆ ಹೋಗಿ’ ಎಂದು ಆಟೋ ಹತ್ತಿಸಿ ಕಳಿಸಿದ ಕಣ್ಣುಗಳನ್ನು ನಾನು ನೋಡಿದ್ದೇನೆ. ತುಮಕೂರು ರಸ್ತೆಯ ಟ್ರಾಫಿಕ್ಕಿನಲ್ಲಿ ಮುಕ್ಕಾಲು ಗಂಟೆ ಆ ಸುಣ್ಣ ತನ್ನ ಕೆಲಸ ಮಾಡುತ್ತಲೇ ಇತ್ತು.

ಈಗ ಎದುರಾಳಿಗಳ ಗಟ್ಟಿ ವಾದಕ್ಕೆ ಬರುತ್ತೇನೆ. ಅರೆತಿಳಿವು ಅಪಾಯ ಎನ್ನುತ್ತಾರೆ. ನಿಜ. ಸುತ್ತಿಗೆ ಮತ್ತು ಉಳಿಯಿಂದ ಕೆಲಸ ಮಾಡುವಾಗ ಹಾರಿದ ಚೂರು ಕಣ್ಣನ್ನು ತೂರಿ ಒಳಗೆ ಹೋಗಿರಬಹುದು, ಹೊರಗೆ ಒಂದು ಸಣ್ಣ ಗೆರೆ ಬಿಟ್ಟರೆ ಏನೂ ಕಾಣದಿರಬಹುದು. ತೂತಾದ ಕಣ್ಣನ್ನು ಒತ್ತಿ ನೋಡಿದರೆ ಒಳಗಿನದು ಹೊರಗೆ ಬರುತ್ತದೆ. ಹೊಸ ಕೈ ಇಂಥಲ್ಲಿ ತಪ್ಪು ಮಾಡಬಹುದು. ಆದರೆ ಈ ಅಪಾಯಕ್ಕೆ ಮದ್ದು ಅರೆತಿಳಿವನ್ನು ಪೂರ್ತಿ ಮಾಡುವುದು. ‘ಏನು ಮಾಡುತ್ತಿದ್ದಾಗ ಆಯಿತು, ಗ್ರೈಂಡಿಂಗೋ ಸುತ್ತಿಗೆಯೋ’ ಎಂಬ ಒಂದೇ ಪ್ರಶ್ನೆ ಆ ಎರಡು ಗಾಯಗಳನ್ನು ಬೇರೆ ಮಾಡುತ್ತದೆ. ಆ ಪ್ರಶ್ನೆ ಕೇಳಲು ಕಲಿಸಬಹುದು. ಹಳದಿ ಬಣ್ಣ ಹಾಕಿ ನೀಲಿ ಬೆಳಕಿನಲ್ಲಿ ಒಳನೀರು ಸೋರುತ್ತಿದೆಯೇ ಎಂದು ನೋಡುವುದನ್ನು ಕಲಿಸಬಹುದು. ಮುಟ್ಟಬೇಡ ಎಂದವರು ಇದನ್ನು ಕಲಿಸುವ ಗೋಜಿಗೇ ಹೋಗುವುದಿಲ್ಲ, ಏಕೆಂದರೆ ಅವರ ಪ್ರಕಾರ ಅವಳಿಗೆ ಅದು ಬೇಕಿಲ್ಲ.

ವೈದ್ಯರಲ್ಲದವರಿಗೆ ಸೂಕ್ಷ್ಮ ಕೆಲಸ ಬರುವುದಿಲ್ಲ ಎನ್ನುವವರು ದೂರ ಹೋಗಬೇಕಿಲ್ಲ, ನಮ್ಮ ರಾಜ್ಯದಲ್ಲೇ ಆದದ್ದನ್ನು ನೋಡಲಿ. ತಿಂಗಳು ತುಂಬುವ ಮೊದಲೇ ಹುಟ್ಟಿದ ಶಿಶುಗಳಲ್ಲಿ ಅಕ್ಷಿಪಟಲದ ರಕ್ತನಾಳಗಳು ಅಡ್ಡಾದಿಡ್ಡಿ ಬೆಳೆದು ಕಣ್ಣು ಹೋಗುವ ಕಾಯಿಲೆಯೊಂದಿದೆ, ಆರ್‌ಓಪಿ. ಹುಟ್ಟಿದ 30 ದಿನದೊಳಗೆ ಪರೀಕ್ಷೆ ಆಗಬೇಕು. ಜಿಲ್ಲೆಗಳಲ್ಲಿ ಇದನ್ನು ನೋಡಬಲ್ಲ ತಜ್ಞರು ಸಿಗುತ್ತಿರಲಿಲ್ಲ. 2008ರಲ್ಲಿ ಬೆಂಗಳೂರಿನ ನಾರಾಯಣ ನೇತ್ರಾಲಯದ ಡಾ. ಆನಂದ ವಿನೇಕರ್ ಅವರ ತಂಡ ಕಿಡ್‌ರಾಪ್ ಎಂಬ ಯೋಜನೆ ಶುರು ಮಾಡಿತು. ಮುಂದೆ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನವೂ ಜೊತೆಗೂಡಿತು. ಕ್ಯಾಮೆರಾ ಹೊತ್ತು ಜಿಲ್ಲಾ ಆಸ್ಪತ್ರೆಗಳ ನವಜಾತ ಶಿಶು ಘಟಕಗಳಿಗೆ ಹೋದವರು ವೈದ್ಯರಲ್ಲ, ತರಬೇತಿ ಪಡೆದ ಟೆಕ್ನಿಷಿಯನ್‌ಗಳು. ಕಿಲೋ, ಒಂದೂವರೆ ಕಿಲೋ ತೂಗುವ ಕೂಸಿನ ಕಣ್ಣೊಳಗಿನ ಚಿತ್ರ ತೆಗೆದು, ಕಾಯಿಲೆ ಇದೆಯೋ ಇಲ್ಲವೋ ಎಂದು ಅಲ್ಲೇ ಅಂದಾಜಿಸಿ, ಚಿತ್ರವನ್ನು ಬೆಂಗಳೂರಿನ ತಜ್ಞರ ಪರದೆಗೆ ಕಳಿಸುತ್ತಿದ್ದರು. ಅವರ ತೀರ್ಮಾನವನ್ನು ತಜ್ಞರ ತೀರ್ಮಾನದ ಪಕ್ಕದಲ್ಲಿಟ್ಟು ಅಳೆದಾಗ, ಚಿಕಿತ್ಸೆ ಬೇಕಾದ ಹಂತದ ಕಾಯಿಲೆಯನ್ನು ನೂರರಲ್ಲಿ 95.7ರಷ್ಟು ಅವರು ಸರಿಯಾಗಿ ಹಿಡಿದಿದ್ದರು.

ಅಲ್ಲಿ ಇದ್ದು ಇಲ್ಲಿ ಇಲ್ಲದ್ದು ಏನೆಂದು ನಾನು ಬಹಳ ಸಲ ಯೋಚಿಸಿದ್ದೇನೆ. ಅವರನ್ನು ಅಂಕ ಹಾಕಿ ಪರೀಕ್ಷಿಸಿ, ಪಾಸಾದ ಮೇಲೆ ಕಳಿಸಿದ್ದರು. ಯಾವಾಗ ಬೇಕಾದರೂ ಕೇಳಲು ಆ ತುದಿಯಲ್ಲಿ ಒಬ್ಬ ತಜ್ಞ ಇದ್ದ. ಎಲ್ಲಕ್ಕಿಂತ ಮುಖ್ಯವಾಗಿ, ತಾನು ಹೇಳಿದ್ದು ಸರಿಯೋ ತಪ್ಪೋ ಎಂಬುದು ಟೆಕ್ನಿಷಿಯನ್ನಿಗೆ ತಿರುಗಿ ತಿಳಿಯುತ್ತಿತ್ತು.

ನಮ್ಮ ಕಣ್ಣಿನ ಕೋಣೆಗಳಲ್ಲಿ ಈ ತಿರುಗಿ ತಿಳಿಯುವುದೊಂದು ಇಲ್ಲವೇ ಇಲ್ಲ. ಹುಡುಗಿ ದಿನಕ್ಕೆ ಐದು ಚೀಟಿ ಬರೆಯುತ್ತಾಳೆ. ಹೋದರೋ ಇಲ್ಲವೋ ತಿಳಿಯದು. ಹೋದರೆ ಅಲ್ಲಿ ಏನು ಕಂಡರು, ತಾನು ನರದ ಊತವೆಂದು ಶಂಕಿಸಿದ್ದು ನಿಜವಾಗಿತ್ತೇ, ಮಾಮೂಲಿ ಕಣ್ಣುಬೇನೆ ಎಂದುಕೊಂಡದ್ದು ಹರ್ಪಿಸ್ ಆಗಿತ್ತೇ, ಒಂದು ಸಾಲೂ ವಾಪಸ್ಸು ಬರುವುದಿಲ್ಲ. ಹೀಗೆ ಹತ್ತು ವರ್ಷ ಕುಳಿತರೂ ಅನುಭವ ಬರುವುದಾದರೂ ಎಲ್ಲಿಂದ? ‘ಅನುಭವ ಆಗಲಿ, ಆಮೇಲೆ ನೋಡೋಣ’ ಎನ್ನುವ ಹಿರಿಯರೇ ಅನುಭವ ಬರುವ ಬಾಗಿಲಿಗೆ ಬೀಗ ಹಾಕಿದ್ದಾರೆ. ಚೀಟಿಯ ಕೆಳಗರ್ಧ ಹರಿದು ವಾಪಸ್ ಕಳಿಸುವಂತೆ ಮಾಡಿದರೆ ಸಾಕು, ಈಗಿನ ಕಾಲದಲ್ಲಿ ಅದೂ ಬೇಡ, ಒಂದು ವಾಟ್ಸ್ಆ್ಯಪ್ ಸಂದೇಶ ಸಾಕು. ಒಂದು ವರ್ಷದಲ್ಲಿ ಆ ಹುಡುಗಿ ಬೇರೆಯೇ ಆಗಿರುತ್ತಾಳೆ.

ಇನ್ನೊಂದು ಸಂಗತಿ ನನಗೆ ಪ್ರತಿ ಸಲ ಹೊಟ್ಟೆ ಉರಿಸುತ್ತದೆ. ಅದೇ ಕಟ್ಟಡದಲ್ಲಿ, ಎರಡು ಕೋಣೆ ಆಚೆ, ಎಂಬಿಬಿಎಸ್ ಓದಿದ ವೈದ್ಯಾಧಿಕಾರಿ ಇರುತ್ತಾರೆ. ಔಷಧಿ ಬರೆಯುವ ಅಧಿಕಾರ ಅವರಿಗಿದೆ, ಆದರೆ ಸ್ಲಿಟ್ ಲ್ಯಾಂಪಿನಲ್ಲಿ ನೋಡುವ ಅಭ್ಯಾಸ ಇರುವುದಿಲ್ಲ. ನೋಡುವ ಕಣ್ಣು ಈ ಹುಡುಗಿಗಿದೆ, ಬರೆಯುವ ಅಧಿಕಾರ ಇಲ್ಲ. ನನ್ನ ಆ ಗಾರ್ಮೆಂಟ್ಸ್ ಹೆಂಗಸಿನ ಕಣ್ಣಿನ ಒತ್ತಡ ಇಳಿಸಲು ಬೇಕಿದ್ದದ್ದು ಮೊದಲ ಗಂಟೆಯಲ್ಲಿ ಒಂದೆರಡು ಡ್ರಾಪ್ಸ್ ಮತ್ತು ಮಾತ್ರೆ. ಅಲರ್ಜಿ ಇದೆಯೇ, ಕಿಡ್ನಿ ಹೇಗಿದೆ ಎಂದು ಕೇಳಿ ಯಾವ ವೈದ್ಯಾಧಿಕಾರಿಯೂ ಶುರು ಮಾಡಬಹುದಾದ ಔಷಧಿ. ಫೋನಿನಲ್ಲಿ ಒಬ್ಬ ನೇತ್ರತಜ್ಞ ಸಿಕ್ಕಿ ‘ಕೊಡಿ’ ಎಂದಿದ್ದರೆ ಮೂವರೂ ಸೇರಿ ಒಂದು ಕಣ್ಣು ಉಳಿಸುತ್ತಿದ್ದರು. ಕೋಣೆಯಿಂದ ಕೋಣೆಗೆ ಇಪ್ಪತ್ತು ಹೆಜ್ಜೆ. ಆ ಇಪ್ಪತ್ತು ಹೆಜ್ಜೆ ನಡೆಯುವುದು ನನ್ನ ಕೆಲಸವೆಂದು ನನಗೆ ಯಾರೂ ಹೇಳಿರಲಿಲ್ಲ, ನಡೆದರೆ ಕೇಳಿಸಿಕೊಳ್ಳಬೇಕೆಂದು ಅವರಿಗೂ ಯಾರೂ ಹೇಳಿರಲಿಲ್ಲ.

ನಾನು ಎಲ್ಲವನ್ನೂ ಆಪ್ಟೊಮೆಟ್ರಿಸ್ಟ್ ಕೈಗೆ ಕೊಡಿ ಎನ್ನುತ್ತಿಲ್ಲ. ಚಾಕು ಹಿಡಿಯುವುದು ನಮ್ಮ ಕೆಲಸವಲ್ಲ. ಸ್ಟೀರಾಯ್ಡ್ ಶುರು ಮಾಡುವುದು ನಮ್ಮ ಕೆಲಸವಲ್ಲ. ಪಾಪೆಯ ಎದುರಿಗೆ ನೆಟ್ಟ ಚೂರು, ಆಳಕ್ಕಿಳಿದ ಚೂರು, ತೂತಾದ ಕಣ್ಣು, ಹುಣ್ಣು ಹಿಡಿದ ಕಣ್ಣು, ಇವು ತಜ್ಞರಿಗೆ ಹೋಗಲೇಬೇಕು. ಈ ಲೇಖನದ ಮೊದಲಿಗೆ ಬಂದ ಪೀಣ್ಯದವನೂ ಹೋಗಬೇಕಾದವನೇ, ಅವನ ಕಣ್ಣಿನಲ್ಲಿ ಸೋಂಕು ಶುರುವಾಗಿತ್ತು. ಆದರೆ ಅವನು ಎರಡು ದಿನ ಮೊದಲು ಬಂದಿದ್ದರೆ, ಅಂಚಿನಲ್ಲಿ ಮೇಲ್ಮೈಗೆ ಅಂಟಿದ್ದ ಆ ಚೂರನ್ನು ಮರಗಟ್ಟಿಸುವ ಹನಿ ಹಾಕಿ ತೆಗೆಯುವುದನ್ನು, ವೈದ್ಯರ ಮೇಲ್ವಿಚಾರಣೆಯಲ್ಲಿ ಕಲಿತು ಪರೀಕ್ಷೆ ಪಾಸಾದ ಆಪ್ಟೊಮೆಟ್ರಿಸ್ಟ್ ಮಾಡಬಲ್ಲಳು. ಬ್ರಿಟನ್ನಿನಲ್ಲಿ 2008ರಿಂದ ಹೆಚ್ಚುವರಿ ತರಬೇತಿ ಪಡೆದ ಆಪ್ಟೊಮೆಟ್ರಿಸ್ಟ್‌ಗಳು ಕಣ್ಣಿನ ಔಷಧಿಯನ್ನೂ ಸ್ವತಂತ್ರವಾಗಿ ಬರೆಯುತ್ತಾರೆ. ಅಲ್ಲಿ ಯಾರೂ ಅದನ್ನು ಒಂದೇ ದಿನದಲ್ಲಿ ಕೊಟ್ಟಿಲ್ಲ. ಹಂತ ಹಂತವಾಗಿ, ಪರೀಕ್ಷೆ ಇಟ್ಟು, ಗೆರೆ ಎಳೆದು ಕೊಟ್ಟರು.

ನಮ್ಮಲ್ಲಿ ಇಲ್ಲದ್ದು ಆ ಗೆರೆ. 2021ರಲ್ಲಿ ಸಂಸತ್ತು ಆರೋಗ್ಯ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆ ಮಾಡಿತು. ಅದರ ಪಟ್ಟಿಯಲ್ಲಿ ಆಪ್ಟೊಮೆಟ್ರಿಸ್ಟ್ ಹೆಸರು ಇದೆ, ಆರೋಗ್ಯ ವೃತ್ತಿಪರರಿಗೆ ಕನಿಷ್ಠ 3,600 ಗಂಟೆಗಳ ಪದವಿ ಓದು ಬೇಕೆಂದು ಬರೆದಿದೆ. 3,600 ಗಂಟೆ ಓದಿಸಿ ತಂದವಳನ್ನು ಬೋರ್ಡಿನ ಅಕ್ಷರ ಓದಿಸಲು ಮಾತ್ರ ಕೂರಿಸುವುದಾದರೆ ಓದಿಸಿದ್ದೇಕೆ? ಕಾಯ್ದೆಯ ಹೆಸರು ಹೇಳಿದರೆ ಕೋಣೆಯಲ್ಲಿ ಏನೂ ಬದಲಾಗುವುದಿಲ್ಲ. ಗೋಡೆಯ ಮೇಲೆ ಕನ್ನಡದಲ್ಲಿ ಒಂದು ಹಾಳೆ ಅಂಟಿಸಬೇಕು: ಇದನ್ನು ನೀನೇ ಮಾಡು, ಇದನ್ನು ಫೋನ್ ಮಾಡಿ ಮಾಡು, ಇದನ್ನು ಕೂಡಲೇ ಕಳಿಸು ಮತ್ತು ಕಳಿಸಿದ್ದು ತಲುಪಿತೇ ಎಂದು ವಿಚಾರಿಸು. ಕೆಳಗೆ ಒಂದು ಫೋನ್ ನಂಬರು, ಎತ್ತುವವರು ಇರುವ ನಂಬರು. ಮೇಜಿನ ಮೇಲೆ ಒತ್ತಡ ಅಳೆಯುವ ಸಾಧನ. ನಾನು ಕಂಡ ಎಷ್ಟೋ ಕೋಣೆಗಳಲ್ಲಿ ಅದು ಇಂದಿಗೂ ಇಲ್ಲ, ಇದ್ದರೆ ಕೆಟ್ಟಿದೆ, ರಿಪೇರಿಗೆ ಬರೆದು ಎಷ್ಟೋ ತಿಂಗಳಾಗಿದೆ.

‘ಬಡವರಿಗೆ ಎರಡನೇ ದರ್ಜೆಯ ಚಿಕಿತ್ಸೆ ಕೊಡಿಸಲು ಹೊರಟಿದ್ದೀರಿ’ ಎಂದು ಒಬ್ಬ ಹಿರಿಯ ನೇತ್ರತಜ್ಞರು ನನ್ನ ಮುಖಕ್ಕೇ ಹೇಳಿದ್ದಾರೆ. ಬಡವರಿಗೂ ತಜ್ಞರೇ ಸಿಗಬೇಕೆನ್ನುವ ಅವರ ಕಾಳಜಿ ನಿಜವಾದದ್ದು, ಅದಕ್ಕೇ ಈ ಮಾತು ನನಗೆ ಬಹಳ ದಿನ ನಾಟಿತ್ತು. ನನ್ನ ಉತ್ತರ ಇಷ್ಟು. ಅದೇ ವೈಟ್‌ಫೀಲ್ಡಿನ, ಅದೇ ಎಲೆಕ್ಟ್ರಾನಿಕ್ ಸಿಟಿಯ ದೊಡ್ಡ ಖಾಸಗಿ ಕಣ್ಣಿನ ಆಸ್ಪತ್ರೆಗೆ ಸಾಫ್ಟ್‌ವೇರ್ ಎಂಜಿನಿಯರ್ ಹೋದಾಗ ಅವನನ್ನು ಮೊದಲು ಕೂರಿಸಿಕೊಳ್ಳುವುದು ಯಾರು? ಇತಿಹಾಸ ಬರೆದುಕೊಳ್ಳುವುದು, ಒತ್ತಡ ಅಳೆಯುವುದು, ಪಾಪೆ ಹಿಗ್ಗಿಸುವುದು, ಸ್ಕ್ಯಾನ್ ತೆಗೆದು ಅನುಮಾನ ಇದ್ದಲ್ಲಿ ಗುರುತು ಹಾಕುವುದು, ಇವೆಲ್ಲ ಅಲ್ಲಿ ಇದೇ ಓದು ಓದಿದ, ಇದೇ ವಯಸ್ಸಿನ ಆಪ್ಟೊಮೆಟ್ರಿಸ್ಟ್‌ಗಳ ಕೆಲಸ. ತಜ್ಞರ ಕೋಣೆ ಪಕ್ಕದಲ್ಲಿರುವುದರಿಂದ ಅವರು ಕೇಳುತ್ತಾರೆ, ಕಲಿಯುತ್ತಾರೆ, ಎರಡು ವರ್ಷದಲ್ಲಿ ಪಳಗುತ್ತಾರೆ. ಹಣ ಕೊಟ್ಟವನ ಕಣ್ಣನ್ನು ಅವರಿಗೆ ನಂಬಿ ಕೊಡುತ್ತೇವೆ. ಆ ಎಂಜಿನಿಯರನ ಟೇಬಲ್ ಒರೆಸುವ ಹೆಂಗಸು ಸರ್ಕಾರಿ ಆಸ್ಪತ್ರೆಗೆ ಬಂದಾಗ, ಅದೇ ಓದಿನ ಹುಡುಗಿಗೆ ಮುಟ್ಟಬೇಡ ಎನ್ನುತ್ತೇವೆ. ದರ್ಜೆಯ ಮಾತು ಎತ್ತುವುದಾದರೆ ಇಲ್ಲಿಂದ ಎತ್ತಬೇಕು.

ಹೋದ ಮಳೆಗಾಲದಲ್ಲಿ ಒಂದು ಸಂಜೆ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಫೋನ್ ಮಾಡಿದಳು. ಆನೇಕಲ್ ಕಡೆಯ ಕೈಗಾರಿಕಾ ಪ್ರದೇಶದಲ್ಲಿ ಕೆಲಸ, ಸೇರಿ ಒಂಬತ್ತು ತಿಂಗಳು. ‘ಮೇಡಂ, ಒಬ್ರು ಅಮ್ಮ ಬಂದಿದಾರೆ, ವಾಂತಿ, ತಲೆನೋವು. ಒತ್ತಡ 48 ತೋರಿಸ್ತಿದೆ. ಮೂರು ಸಲ ನೋಡಿದೆ. ಸರಿಯಾಗಿ ನೋಡಿದೀನಾ?’ ಇಪ್ಪತ್ತೊಂದರ ಒಳಗಿರಬೇಕಾದದ್ದು ಅದು. ವೈದ್ಯಾಧಿಕಾರಿಯನ್ನು ಕರೆದೆಯಾ ಎಂದು ಕೇಳಿದೆ. ಆಗಲೇ ಕರೆದು ಪಕ್ಕದಲ್ಲಿ ನಿಲ್ಲಿಸಿಕೊಂಡಿದ್ದಳು. ನನಗೆ ಗೊತ್ತಿರುವ ನೇತ್ರತಜ್ಞರೊಬ್ಬರ ನಂಬರ್ ಕೊಟ್ಟೆ. ಅವರು ವೈದ್ಯಾಧಿಕಾರಿಯ ಜೊತೆ ಮಾತಾಡಿ ಔಷಧಿ ಹೇಳಿದರು. ಚೀಟಿಯ ಮೇಲೆ ಕಾಯಿಲೆಯ ಹೆಸರು, ಒತ್ತಡ, ಎಷ್ಟು ಗಂಟೆಗೆ ಏನು ಕೊಟ್ಟೆವು ಎಂಬುದನ್ನೆಲ್ಲ ಅವಳು ಬರೆದಳು, ವೈದ್ಯಾಧಿಕಾರಿ ಸಹಿ ಮಾಡಿದರು. ಆ ಅಮ್ಮ ‘ನಾಳೆ ಹೋಗ್ತೀನವ್ವ’ ಎಂದಾಗ, ‘ನಾಳೆ ಹೋದ್ರೆ ಕಣ್ಣಿರಲ್ಲಮ್ಮ’ ಎಂದು ಹೇಳಿ ಮಗನಿಗೆ ಫೋನ್ ಹಚ್ಚಿ ಕರೆಸಿದಳಂತೆ. ರಾತ್ರಿ ಒಂಬತ್ತಕ್ಕೆ ಮತ್ತೆ ಫೋನ್ ಮಾಡಿ ‘ತಲುಪಿದಾರೆ ಮೇಡಂ, ಒತ್ತಡ 26ಕ್ಕೆ ಇಳಿದಿದೆಯಂತೆ’ ಎಂದಳು.

ಇಷ್ಟೆಲ್ಲ ಮಾಡಿದ್ದು ಅವಳ ಸ್ವಂತ ಫೋನಿನಲ್ಲಿ. ಒತ್ತಡ ಅಳೆದದ್ದು ಯಾರೋ ದಾನ ಕೊಟ್ಟ ಹಳೆಯ ಸಾಧನದಲ್ಲಿ. ಅವಳು ಮಾಡಿದ್ದರಲ್ಲಿ ಯಾವುದೂ ಅವಳ ಕೆಲಸದ ಪಟ್ಟಿಯಲ್ಲಿ ಇಲ್ಲ. ಅಲ್ಲಿರುವುದು ನಂಬರ್ ತೆಗೆಯುವುದು, ಶಾಲಾ ಮಕ್ಕಳ ತಪಾಸಣೆ, ತಿಂಗಳ ವರದಿ. ಅವಳ ಗುತ್ತಿಗೆ ಮಾರ್ಚ್ 31ಕ್ಕೆ ಮುಗಿಯುತ್ತದೆ.